ಕಡಲ ತೀರದ ಕಾರಿಗೆ ತಿಂಗಳ ಲೆಕ್ಕ



"ಕಾರು ಓಡಿದ್ದೇ ಕಡಿಮೆ, ಸರ್ವೀಸ್ ಯಾಕೆ?" ಎಂದು ನಮ್ಮಲ್ಲಿ ಹಲವರು ಕೇಳುತ್ತಾರೆ. ಕಾರಿನ ಜೊತೆ ಕೊಟ್ಟ ಪುಸ್ತಕ ತೆರೆದು ನೋಡಿ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದರಂತೆ ಸರ್ವೀಸ್ ಮಾಡಿಸಬೇಕು. ಬಾಯ್ನಾದಂಥ ಕಡಲ ತೀರದಲ್ಲಿ ನಿಂತ ಕಾರೂ ಹಾಳಾಗುತ್ತದೆ. ಉಪ್ಪುಗಾಳಿಗೆ ತಳದ ತಗಡು, ಸೈಲೆನ್ಸರ್ ತುಕ್ಕು ಹಿಡಿಯುತ್ತವೆ.

ಎಲ್ಲಕ್ಕಿಂತ ಮುಖ್ಯ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಊರೊಳಗೆ ಓಡಿಸುವಾಗ ಇದು ತಿಳಿಯುವುದಿಲ್ಲ. ಹಬ್ಬ ಮುಗಿಸಿ ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಮರಳುವಾಗ ಅನಮೋಡ ಅಥವಾ ಚೋರ್ಲಾ ಘಾಟ್‌ನಲ್ಲಿ ಉದ್ದಕ್ಕೂ ಬ್ರೇಕ್ ಒತ್ತುತ್ತ ಇಳಿದರೆ, ಬಿಸಿಗೆ ಆ ತೇವ ಆವಿಯಾಗುತ್ತದೆ. ಪೆಡಲ್ ಪೂರ್ತಿ ಒಳಗೆ ಹೋದರೂ ಬ್ರೇಕ್ ಹಿಡಿಯದೇ ಇರಬಹುದು. ಕಾರಿನಲ್ಲಿ ಹೆಂಡತಿ ಮಕ್ಕಳಿರುತ್ತಾರೆ, ನೆನಪಿರಲಿ.

ವರ್ಷದ ಪಟ್ಟಿ ಹೀಗಿರಲಿ:

• ಮೇ: ಮಳೆಗೆ ಮುಂಚೆ ವೈಪರ್, ಟೈರ್, ಲೈಟು ನೋಡಿಸಿ.
• ಅಕ್ಟೋಬರ್: ತಳಭಾಗವನ್ನು ಸಿಹಿನೀರಿನಿಂದ ತೊಳೆಸಿ, ತುಕ್ಕು ಕಂಡಲ್ಲಿ ಕೆರೆಸಿ ಬಣ್ಣ ಹಚ್ಚಿಸಿ.
• ವರ್ಷಕ್ಕೊಮ್ಮೆ: ಓಡಿದ್ದು ಕಡಿಮೆಯಾದರೂ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಿ.
• ಬ್ರೇಕ್ ಆಯಿಲ್: ಹೆಚ್ಚಿನ ಕಾರುಗಳಿಗೆ 2 ವರ್ಷಕ್ಕೊಮ್ಮೆ. ನಿಮ್ಮ ಪುಸ್ತಕದಲ್ಲಿ ಬೇರೆ ಇದ್ದರೆ ಅದರಂತೆ.

ಘಾಟ್ ಇಳಿಯುವಾಗ ಕೆಳಗಿನ ಗೇರಿನಲ್ಲಿಯೇ ಇರಿ. ಎಂಜಿನ್ನೇ ವೇಗ ತಡೆಯುತ್ತದೆ.

ಸರ್ವೀಸ್ ಬಿಲ್ಲುಗಳನ್ನು ದಿನಾಂಕವಾರು ಒಂದು ಫೈಲಿನಲ್ಲಿಡಿ. ಮುಂದಿನ ಸರ್ವೀಸ್ ಯಾವಾಗ ಎಂಬುದು ತಿಳಿಯುತ್ತದೆ, ಕಾರು ಮಾರುವಾಗಲೂ ಬೆಲೆ ಬರುತ್ತದೆ.

– ಕಾರ್ಯದರ್ಶಿ