ಎರಡು ಫೋಟೋ, ಒಂದು ಚೌಕಟ್ಟು

ನಿಮ್ಮ ಮನೆಯ ಗೋಡೆಯ ಮೇಲೊಮ್ಮೆ ಕಣ್ಣು ಹಾಯಿಸಿ. ದೇವರ ಪಟಗಳ ಪಕ್ಕದಲ್ಲಿ ಹಿರಿಯರ ಫೋಟೋಗಳಿವೆ, ಅಲ್ಲವೇ? ಅವುಗಳಲ್ಲಿ ಗಂಡ-ಹೆಂಡತಿ ಜೊತೆಯಾಗಿ ಇರುವಂಥವು ಎಷ್ಟಿವೆ, ಎಣಿಸಿ ನೋಡಿ.

ನಮ್ಮ ಮನೆಯಲ್ಲಿ ಒಂದೂ ಇರಲಿಲ್ಲ. ಮಾವನವರು 1979ರಲ್ಲೇ ತೀರಿಕೊಂಡರು. ಅವರದ್ದೆಂದು ಉಳಿದಿರುವುದು ಕೆಲಸದ ಅರ್ಜಿಗೆಂದು ತೆಗೆಸಿದ ಒಂದೇ ಒಂದು ಪಾಸ್‌ಪೋರ್ಟ್ ಅಳತೆಯ ಫೋಟೋ. ಅತ್ತೆಯದು 1974ರಲ್ಲಿ ಸ್ಟುಡಿಯೋದಲ್ಲಿ, ಮಡಿಲಲ್ಲಿ ಕೂಸು (ನಮ್ಮ ಯಜಮಾನರು!) ಇಟ್ಟುಕೊಂಡು ತೆಗೆಸಿದ್ದು. ಕಳೆದ ವರ್ಷ ಮಗಳು, "ಅಜ್ಜಿ, ನೀನೂ ತಾತನೂ ಒಟ್ಟಿಗಿರೋ ಫೋಟೋ ಎಲ್ಲಿ?" ಅಂತ ಕೇಳಿದಳು. ಅತ್ತೆ ಸುಮ್ಮನೆ ಅಕ್ಕಿ ಆರಿಸುತ್ತಾ ಕೂತರು. ನನ್ನ ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು. ಆವತ್ತೇ ನಿಶ್ಚಯಿಸಿದೆ, ಈ ವಿದ್ಯೆ ಕಲಿಯಬೇಕು.

ಕಂಪ್ಯೂಟರ್ ಎಂದೊಡನೆ ಹೌಹಾರಬೇಡಿ. ಫೋಟೋ ಕೂಡಿಸುವುದು ಕಂಪ್ಯೂಟರಿಗಿಂತ ಬಹಳ ಹಳೆಯ ವಿದ್ಯೆ. 1857ರಷ್ಟು ಹಿಂದೆಯೇ ಇಂಗ್ಲೆಂಡಿನಲ್ಲಿ ಆಸ್ಕರ್ ರೈಲಾಂಡರ್ ಎಂಬಾತ ಮೂವತ್ತಕ್ಕೂ ಹೆಚ್ಚು ನೆಗೆಟಿವ್‌ಗಳನ್ನು ಜೋಡಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದ. ನಮ್ಮೂರುಗಳ ಸ್ಟುಡಿಯೋದವರೂ ಕತ್ತರಿ, ಅಂಟು, ಕುಂಚ ಹಿಡಿದು ಈ ಕೆಲಸ ಮಾಡಿಕೊಡುತ್ತಿದ್ದರು. 1990ರಲ್ಲಿ ಫೋಟೋಶಾಪ್ ಬಂತು. ಅದಕ್ಕೆ ದುಡ್ಡು ಕೊಡಬೇಕು. 1996ರಲ್ಲಿ ಅಮೆರಿಕದ ಇಬ್ಬರು ವಿದ್ಯಾರ್ಥಿಗಳು ಹೊರತಂದ 'ಗಿಂಪ್' ಎಂಬ ತಂತ್ರಾಂಶ ಮಾತ್ರ ಪೂರ್ತಿ ಉಚಿತ. ನಾನು ಕಲಿತದ್ದು ಅದರಲ್ಲೇ.

ಅಡುಗೆಯ ಹಾಗೆಯೇ ಹೇಳಿಬಿಡುತ್ತೇನೆ, ಆಗಬಹುದೇ?

ಬೇಕಾಗುವ ಸಾಮಗ್ರಿ

ಎರಡು ಫೋಟೋ, ಒಂದು ಕಂಪ್ಯೂಟರ್, ಗಿಂಪ್ ತಂತ್ರಾಂಶ, ಮೌಸ್, ಮಧ್ಯಾಹ್ನದ ಬಿಡುವು ಮತ್ತು ಧಾರಾಳವಾಗಿ ತಾಳ್ಮೆ.

ಮಾಡುವ ವಿಧಾನ

ಮೊದಲು ಫೋಟೋಗಳನ್ನು ಸ್ಕ್ಯಾನ್ ಮಾಡಿಸಿ. ಜೆರಾಕ್ಸ್ ಅಂಗಡಿಯವರಿಗೆ "600 ಡಿ.ಪಿ.ಐ.ನಲ್ಲಿ ಮಾಡಿ" ಎಂದು ಬಾಯಿಬಿಟ್ಟು ಹೇಳಿ. ಪಾಸ್‌ಪೋರ್ಟ್ ಫೋಟೋ ಬರೀ 35 ಮಿ.ಮೀ. ಅಗಲ, 45 ಮಿ.ಮೀ. ಎತ್ತರ. 600ರಲ್ಲಿ ಮಾಡಿಸಿದರೆ ಸುಮಾರು 827ಕ್ಕೆ 1063 ಚುಕ್ಕಿಗಳು ಸಿಗುತ್ತವೆ. ಅದಕ್ಕಿಂತ ಕಡಿಮೆಯಾದರೆ ಮುಖ ಮಸುಕು.

ಇನ್ನು ಗಿಂಪ್ ತೆರೆದು, ಫೈಲ್ ಮೆನುವಿನ 'ಓಪನ್ ಆಸ್ ಲೇಯರ್ಸ್' ಮೂಲಕ ಎರಡನ್ನೂ ಒಂದೇ ಕಡೆ ತನ್ನಿ. ಲೇಯರ್ ಎಂದರೆ ಪದರ. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಿದ್ದೀರಿ ಅಂದುಕೊಳ್ಳಿ. ಒಂದನ್ನು ಸರಿಸಿದರೆ ಇನ್ನೊಂದಕ್ಕೆ ಏನೂ ಆಗದು. ಎಲ್ಲಕ್ಕಿಂತ ಕೆಳಗೆ ಬೂದು ಬಣ್ಣದ ಖಾಲಿ ಪದರ, ಅದರ ಮೇಲೆ ಮಾವನವರು, ಅವರ ಮೇಲೆ ಅತ್ತೆ, ಹೀಗೆ ಜೋಡಿಸಿದೆ. ಮಾವನವರ ಫೋಟೋ ಎದೆಯ ತನಕ ಮಾತ್ರ ಇದ್ದದ್ದರಿಂದ ಅತ್ತೆಯ ಚಿತ್ರವನ್ನೂ ಅಷ್ಟಕ್ಕೇ ನಿಲ್ಲಿಸಬೇಕಾಯಿತು.

ಮುಖದ ಸುತ್ತಲಿನ ಹಿನ್ನೆಲೆ ತೆಗೆಯಲು ರಬ್ಬರಿನಿಂದ ಒರೆಸಬೇಡಿ! ನಾನು ಮೊದಲ ಸಲ ಒರೆಸಿ ಮಾವನವರ ಕಿವಿಯನ್ನೇ ಕಳೆದಿದ್ದೆ. ಅದರ ಬದಲು 'ಲೇಯರ್ ಮಾಸ್ಕ್' ಹಾಕಿ. ಇದೊಂದು ಮುಸುಕು. ಮುಸುಕಿನ ಮೇಲೆ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದರೆ ಮತ್ತೆ ಬರುತ್ತದೆ. ಎಷ್ಟು ಸಲ ತಪ್ಪಿದರೂ ತಿದ್ದಬಹುದು. ಅಂಚು ಮೃದುವಾಗಿರುವ ಕುಂಚವನ್ನೇ ಆರಿಸಿ. ಇಲ್ಲದಿದ್ದರೆ ಕತ್ತರಿಯಿಂದ ಕತ್ತರಿಸಿ ಅಂಟಿಸಿದ ಹಾಗೆ ಕಾಣುತ್ತದೆ. ಕೂದಲಿನ ಹತ್ತಿರ ಚಿತ್ರವನ್ನು ದೊಡ್ಡದು ಮಾಡಿಕೊಂಡು, ನಿಧಾನವಾಗಿ ಬಳಿಯಿರಿ.

ಮುಂದೆ ಅಳತೆ. ನೆತ್ತಿಯಿಂದ ಗಲ್ಲದವರೆಗೆ ಎರಡೂ ಮುಖಗಳನ್ನು ಹೋಲಿಸಿ. ಚಿಕ್ಕದನ್ನು ಹಿಗ್ಗಿಸಬೇಡಿ, ದೊಡ್ಡದನ್ನೇ ಕುಗ್ಗಿಸಿ. ಹಿಗ್ಗಿಸಿದರೆ ಮಸುಕಾಗುತ್ತದೆ. ನಾನು ಅಂದಾಜಿನಲ್ಲಿ ಕೂಡಿಸಿದ್ದನ್ನು ನೋಡಿ ಅತ್ತೆ, "ಇವರು ಇಷ್ಟು ಎತ್ತರ ಇರಲಿಲ್ಲ ಕಣೇ, ನನಗಿಂತ ಮೂರು ಬೆರಳು ಹೆಚ್ಚು, ಅಷ್ಟೇ" ಎಂದರು. ಅಳತೆ ತಿಳಿಯಲು ಕಂಡವರನ್ನೇ ಕೇಳಬೇಕು ನೋಡಿ.

ಬಣ್ಣಕ್ಕೆ, ಎರಡೂ ಪದರಗಳಿಗೆ 'ಡೀಸ್ಯಾಚುರೇಟ್' ಕೊಟ್ಟರೆ ಒಂದರ ಹಳದಿ, ಇನ್ನೊಂದರ ಹಸಿರು ಹೋಗಿ ಎರಡೂ ಕಪ್ಪು-ಬಿಳುಪಾಗುತ್ತವೆ. 'ಕರ್ವ್ಸ್'ನಲ್ಲಿ ಗೆರೆಯನ್ನು ಮೆಲ್ಲಗೆ ಎಳೆದು ಗಾಢತೆ ಹೊಂದಿಸಿ.

ಬೆಳಕಿನ ಪೇಚಾಟ

ಇಷ್ಟಾದರೂ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ನೋಡುತ್ತೇನೆ, ಮಾವನವರ ಮುಖಕ್ಕೆ ಬೆಳಕು ಬಲಗಡೆಯಿಂದ, ಅತ್ತೆಯ ಮುಖಕ್ಕೆ ಎಡಗಡೆಯಿಂದ! ಸುಲಭವಾಯಿತು ಅಂದುಕೊಂಡು ಮಾವನವರನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿಬಿಟ್ಟೆ. ಅತ್ತೆ ಒಂದೇ ನೋಟಕ್ಕೆ, "ಇವರಲ್ಲ ಇದು" ಎಂದರು. ಬೈತಲೆ ಬಲಕ್ಕೆ ಹೋಗಿತ್ತು. ಸರಿ, ಅತ್ತೆಯನ್ನೇ ತಿರುಗಿಸಿದೆ. ಸೆರಗು ಬಲಹೆಗಲಿಗೆ ಬಂತು, ಮೂಗುಬೊಟ್ಟು ಇನ್ನೊಂದು ಹೊಳ್ಳೆಗೆ ಹಾರಿತು! ಇಬ್ಬರೂ ನಕ್ಕೂ ನಕ್ಕೂ ಸುಸ್ತಾದೆವು.

ಆದ್ದರಿಂದ ನೆನಪಿಡಿ, ಮುಖವನ್ನು ತಿರುಗಿಸಬೇಡಿ. 'ಡಾಡ್ಜ್' ಮತ್ತು 'ಬರ್ನ್' ಎಂಬ ಉಪಕರಣವಿದೆ. ಒಂದು ಬೆಳಗಿಸುತ್ತದೆ, ಇನ್ನೊಂದು ಕಪ್ಪಾಗಿಸುತ್ತದೆ. ಅದರ ಬಲವನ್ನು ಹತ್ತರಷ್ಟಕ್ಕೆ ಇಳಿಸಿ, ಹೆಚ್ಚು ಬೆಳಗಿರುವ ಕೆನ್ನೆಯನ್ನು ತುಸು ತಗ್ಗಿಸಿ, ನೆರಳಿನ ಕೆನ್ನೆಯನ್ನು ತುಸು ಎತ್ತಿ. ಬೆಳಕಿನ ದಿಕ್ಕು ಪೂರ್ತಿ ಬದಲಾಗಲಿಲ್ಲ. ಆದರೆ ಎರಡು ಮುಖಗಳ ಜಗಳ ನಿಂತಿತು.

ಕೊನೆಯಲ್ಲಿ ಗಿಂಪ್‌ನ ಸ್ವಂತ ರೂಪದಲ್ಲೂ ಒಂದು ಪ್ರತಿ ಉಳಿಸಿ. ಪದರಗಳು ಬೇರೆಬೇರೆಯಾಗಿಯೇ ಇರುತ್ತವೆ, ನಾಳೆ ತಿದ್ದಬಹುದು. ಪ್ರಿಂಟ್ ಹಾಕಿಸಲು ಇನ್ನೊಂದು ಪ್ರತಿಯನ್ನು 'ಎಕ್ಸ್‌ಪೋರ್ಟ್' ಮಾಡಿ. ಇಷ್ಟು ಚಿಕ್ಕ ಫೋಟೋದಿಂದ 4ಕ್ಕೆ 6 ಅಂಗುಲಕ್ಕಿಂತ ದೊಡ್ಡದಕ್ಕೆ ಆಸೆಪಡಬೇಡಿ. ಮೂಲ ಫೋಟೋಗಳು ಮಾತ್ರ ಜೋಪಾನ, ಬೀರುವಿನಲ್ಲಿರಲಿ.

ನಿಜವೂ ಸುಳ್ಳೂ

ಅಂದ ಹಾಗೆ, ಅತ್ತೆ ಮೊದಲು ಒಪ್ಪಿರಲೇ ಇಲ್ಲ. "ಇಲ್ಲದ್ದನ್ನ ಇದೆ ಅಂತ ಯಾಕೆ ತೋರಿಸ್ತೀಯ?" ಎಂದಿದ್ದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ನೀವೂ ಯೋಚಿಸಿ. ಹಿರಿಯರ ಅನುಮತಿ ಇಲ್ಲದೆ ಮಾಡಬೇಡಿ. ಬೇರೆಯವರ ಫೋಟೋ ತಮಾಷೆಗೂ ಕೂಡಿಸಬೇಡಿ. ಇದೇ ವಿದ್ಯೆಯಿಂದ ಹೆಣ್ಣುಮಕ್ಕಳ ಮಾನ ಕಳೆಯುವವರೂ ಇದ್ದಾರೆ. ನಿಮ್ಮ ಮನೆಯ ಹುಡುಗಿಗೆ ಹಾಗಾದರೆ ಅವಳನ್ನು ಬೈಯಬೇಡಿ, ಧೈರ್ಯ ಹೇಳಿ ಪೊಲೀಸರಿಗೆ ದೂರು ಕೊಡಿಸಿ.

ಚೌಕಟ್ಟು ಹಾಕಿಸಿ ತಂದ ದಿನ ಅತ್ತೆ ಫೋಟೋವನ್ನು ಬಹಳ ಹೊತ್ತು ನೋಡಿದರು. ಸೆರಗಿನಿಂದ ಗಾಜು ಒರೆಸಿದರು. ಆಮೇಲೆ, "ಹಿಂದ್ಗಡೆ ಬರೆದಿಡು. ಎರಡು ಫೋಟೋ ಕೂಡಿಸಿದ್ದು, ಸೊಸೆ ಮಾಡಿದ್ದು ಅಂತ. ನಾಳೆ ಮೊಮ್ಮಕ್ಕಳು ನಾವಿಬ್ರೂ ಸ್ಟುಡಿಯೋಗೆ ಹೋಗಿದ್ವಿ ಅಂದ್ಕೋಬಾರ್ದು" ಎಂದರು. ಹಾಗೆಯೇ ಬರೆದೆ, ತಾರೀಖಿನ ಸಮೇತ. ನೀವೂ ಹೀಗೇ ಬರೆದಿಡಿ.

ರಾತ್ರಿ ಊಟಕ್ಕೆ ಬಡಿಸುವಾಗ ಅತ್ತೆ ಮೆಲ್ಲಗೆ ಅಂದರು, "ಕೂಸನ್ನ ಯಾಕೆ ಬಿಟ್ಟೆ? ಅವನಿಗೂ ಅಪ್ಪನ ಜೊತೆ ಒಂದೂ ಫೋಟೋ ಇಲ್ಲ."

ಈಗ ಮಧ್ಯಾಹ್ನದ ಬಿಡುವಿನಲ್ಲಿ ಅದೇ ಕೆಲಸ ನಡೆದಿದೆ.