ಮುರಕಲ್ಲಿನ ಮಹಿಮೆ: ಮೂಡುಗಲ್ಲಿನಿಂದ ಅಂಗ್ಕೋರ್‌ವರೆಗೆ

ಕುಂದಾಪುರ ತಾಲ್ಲೂಕಿನ ಕೆರಾಡಿಯ ಹೆಸರು ಈಗ ನಾಡಿಗೆಲ್ಲ ಪರಿಚಿತ. ರಿಷಬ್ ಶೆಟ್ಟಿಯವರ ಊರು, 2022ರಲ್ಲಿ ತೆರೆಕಂಡ ‘ಕಾಂತಾರ’ದ ಚಿತ್ರೀಕರಣ ನಡೆದ ಊರು ಎಂದು ಹುಡುಕಿಕೊಂಡು ಬರುವವರಿದ್ದಾರೆ. ಸಿನಿಮಾ ಬರುವುದಕ್ಕೆ ಎಷ್ಟೋ ಮೊದಲಿನಿಂದಲೂ ಭಕ್ತರು ಇಲ್ಲಿಗೆ ಬರುತ್ತಿದ್ದದ್ದು ಕಾಡಿನ ನಡುವೆ ಇರುವ ಮೂಡುಗಲ್ಲಿನ ಕೇಶವನಾಥೇಶ್ವರನಿಗಾಗಿ.

ಅದೊಂದು ಗುಹಾಲಯ. ಒಳಗೆ ಹೋಗಬೇಕಾದರೆ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ನೀರಿಗಿಳಿಯಬೇಕು. ಕಾಲಿನ ಸುತ್ತ ಮೀನುಗಳು ಸುಳಿದಾಡುತ್ತವೆ. ಹೆಜ್ಜೆ ಹೆಜ್ಜೆಗೂ ಬೆಳಕು ಕಡಿಮೆಯಾಗಿ, ಕೊನೆಗೆ ದೀಪದ ಬೆಳಕಿನಲ್ಲಿ ಲಿಂಗ ಕಾಣುತ್ತದೆ. ತಲೆಯ ಮೇಲಿನ ಕೆಂಪು ಚಾವಣಿಗೆ ತೊಲೆಯಿಲ್ಲ, ಕಂಬವಿಲ್ಲ. ಇದನ್ನು ಕಟ್ಟಿದ ರಾಜನಿಲ್ಲ, ಕಡೆದ ಶಿಲ್ಪಿಯೂ ಇಲ್ಲ. ಕರಾವಳಿಯ ಮಳೆ ಮತ್ತು ಮುರಕಲ್ಲು ಎಂಬ ಕೆಂಪುಕಲ್ಲು ಸೇರಿ ಮಾಡಿದ ಕೆಲಸವಿದು.

ಜಗತ್ತಿನ ಹೆಸರಾಂತ ಕಟ್ಟಡಗಳ ಮಾತು ಬಂದರೆ ನಮಗೆ ನೆನಪಾಗುವುದು ತಾಜಮಹಲಿನ ಅಮೃತಶಿಲೆ, ಪಿರಮಿಡ್ಡಿನ ಸುಣ್ಣಕಲ್ಲು. ಅಂಗಳದಾಚೆಯ ಕಾಂಪೌಂಡಿಗೆ ಹಾಕುವ ಕೆಂಪುಕಲ್ಲಿಗೆ ಆ ಸಾಲಿನಲ್ಲಿ ಜಾಗವಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಇದೆ, ಅದೂ ದೊಡ್ಡ ಜಾಗವೇ.

ಮಳೆಯೇ ಬೇಯಿಸಿದ ಕಲ್ಲು

ಮುರಕಲ್ಲು ಹುಟ್ಟುವುದು ಜೋರು ಮಳೆ, ಜೋರು ಬಿಸಿಲು ಎರಡೂ ಇರುವ ನಾಡಿನಲ್ಲಿ. ಲಕ್ಷಾಂತರ ವರ್ಷಗಳ ಕಾಲ ಮಳೆನೀರು ಮೂಲ ಬಂಡೆಯೊಳಗೆ ಇಳಿದು ಅದರ ಸಿಲಿಕಾ ಮತ್ತಿತರ ಅಂಶಗಳನ್ನು ಕರಗಿಸಿ ಒಯ್ಯುತ್ತದೆ. ಉಳಿಯುವುದು ಕಬ್ಬಿಣ ಮತ್ತು ಅಲ್ಯೂಮಿನಿಯಂ. ಆ ಕಬ್ಬಿಣ ತುಕ್ಕು ಹಿಡಿದದ್ದೇ ಈ ಕೆಂಪು ಬಣ್ಣ. ಮೇಲ್ಪದರ ಗಟ್ಟಿ, ಕೆಳಗೆ ಹೋದಂತೆ ಮೆದು ಜೇಡಿಮಣ್ಣು. ಒಳಗೆ ಹರಿಯುವ ನೀರು ಆ ಮಣ್ಣನ್ನು ಕೊಚ್ಚಿಕೊಂಡು ಹೋದಾಗ ಗಟ್ಟಿ ಪದರ ಚಾವಣಿಯಾಗಿ ನಿಲ್ಲುತ್ತದೆ, ಕೆಳಗೆ ಪೊಳ್ಳು ಉಳಿಯುತ್ತದೆ. ಮುರಕಲ್ಲಿನ ನೆಲದಲ್ಲಿ ಗುಹೆಗಳಾಗುವುದು ಹೀಗೆ. ಮಂಗಳೂರಿನ ಬಜ್ಪೆಗೆ ಹತ್ತಿರದ ನೆಲ್ಲಿತೀರ್ಥದ ಸೋಮನಾಥೇಶ್ವರ ಗುಹೆಯೂ ಮುರಕಲ್ಲಿನದೇ.

ಈ ಕಲ್ಲಿಗೆ ವಿಜ್ಞಾನದಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಆತ ಮಲಬಾರಿನ ಅಂಗಾಡಿಪುರದಲ್ಲಿ ಇದನ್ನು ಕಂಡ. 1807ರಲ್ಲಿ ಪ್ರಕಟವಾದ ಪ್ರವಾಸ ಕಥನದಲ್ಲಿ ವಿವರಿಸಿದ. ನೆಲದೊಳಗಿರುವಾಗ ಕಬ್ಬಿಣದ ಹತಾರದಿಂದ ಸುಲಭವಾಗಿ ಕತ್ತರಿಸಬಹುದು, ಹೊರಗೆ ತೆಗೆದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ ಎಂಬುದು ಅವನಿಗೆ ಸೋಜಿಗ. ನಮ್ಮ ಕಲ್ಲು ಕೋರೆಯವರಿಗೆ ಅದು ದಿನದ ಅನುಭವ. ಯಂತ್ರದ ಗರಗಸ ಬರುವ ಮೊದಲು ಪಿಕಾಸಿಯಲ್ಲಿ ಸುತ್ತಲೂ ಸೀಳು ತೋಡಿ, ಹಾರೆ ಹಾಕಿ ಕಲ್ಲು ಎಬ್ಬಿಸುತ್ತಿದ್ದರು. ಆಮೇಲೆ ಆರೂ ಮುಖ ಕೆತ್ತಿ ಸಮ ಮಾಡುತ್ತಿದ್ದರು. ಹಸಿ ಕಲ್ಲನ್ನು ಕೂಡಲೇ ಗೋಡೆಗೆ ಇಡದೆ ಬಿಸಿಲು-ಗಾಳಿಗೆ ಬಿಟ್ಟು ಗಟ್ಟಿಯಾದ ಮೇಲೆ ಇಡುವುದು ಬಲ್ಲ ಮೇಸ್ತ್ರಿಗಳ ಪದ್ಧತಿ.

ಈ ಕಲ್ಲಿಗೊಂದು ಮಿತಿಯೂ ಇದೆ. ಮೈತುಂಬ ತೂತು. ಬೇಲೂರಿನ ಬಳಪದ ಕಲ್ಲಿನ ಹಾಗೆ ಇದರಲ್ಲಿ ಮದನಿಕೆಯ ಉಂಗುರ ಬಿಡಿಸಲಾಗದು. ಭಾರ ಹೊರುವ ಕೆಲಸಕ್ಕೆ ಇದು, ಅಲಂಕಾರಕ್ಕೆ ಬೇರೆ ಕಲ್ಲು.

ಅಂಗ್ಕೋರ್: ಒಳಗೆ ಮುರಕಲ್ಲು, ಹೊರಗೆ ಮರಳುಗಲ್ಲು

ಈ ವಿಂಗಡಣೆಯನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರು ಕಾಂಬೋಡಿಯಾದ ಖ್ಮೇರ್ ಅರಸರು. ಇತ್ತ ಹೊಯ್ಸಳ ವಿಷ್ಣುವರ್ಧನ ಬೇಲೂರಿನಲ್ಲಿ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ. ಅದೇ ಶತಮಾನದ ಮೊದಲರ್ಧದಲ್ಲಿ ಅತ್ತ ಎರಡನೆಯ ಸೂರ್ಯವರ್ಮನ್ ಅಂಗ್ಕೋರ್ ವಾಟ್ ಎಂಬ ವಿಷ್ಣು ದೇವಾಲಯ ಕಟ್ಟಿಸತೊಡಗಿದ. ಕಣ್ಣಿಗೆ ಬೀಳುವ ಅಪ್ಸರೆಯರು, ಸಮುದ್ರಮಥನದ ಉಬ್ಬುಶಿಲ್ಪ ಎಲ್ಲವೂ ಕುಲೇನ್ ಬೆಟ್ಟದ ಕಡೆಯಿಂದ ತಂದ ಮರಳುಗಲ್ಲಿನವು. ಅಡಿಪಾಯಕ್ಕೆ, ಜಗಲಿಯ ಒಳಮೈಗೆ, ಪೌಳಿಯ ಗೋಡೆಗೆ ಹಾಕಿದ್ದು ಮುರಕಲ್ಲು.

ಇನ್ನೂ ಜಾಣತನದ ಸಂಗತಿ ನೀರಿನದು. ದೇವಾಲಯದ ಸುತ್ತ ಸುಮಾರು 190 ಮೀಟರ್ ಅಗಲದ ಕಂದಕವಿದೆ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ನೆಲದ ಮೇಲೆ ಅಷ್ಟು ಭಾರ ನಿಲ್ಲಬೇಕಾದರೆ ಅಂತರ್ಜಲ ಏರುಪೇರಾಗಬಾರದು. ಕಂದಕದ ನೀರು ಅಡಿಯ ಮರಳಿನ ತೇವ ಕಾಯುತ್ತದೆ, ಆ ಮರಳು ಗೋಪುರಗಳನ್ನು ಹೊತ್ತಿದೆ.

ಬೇಕಲ ಮತ್ತು ಗೋವಾ

ಕಾಂಬೋಡಿಯಾ ದೂರವಾದರೆ ಕಾಸರಗೋಡಿಗೆ ಹೋಗೋಣ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ಸುಮಾರು 40 ಎಕರೆಯಲ್ಲಿ ಹರಡಿದೆ. ಸಮುದ್ರಕ್ಕೆ ಚಾಚಿದ ನೆಲದ ಮೇಲೆ, ಆ ನೆಲದ್ದೇ ಕಲ್ಲಿನಲ್ಲಿ ಎದ್ದ ಕೋಟೆಯಿದು. ಕುಮಟಾ ಬಳಿಯ ಮಿರ್ಜಾನ್ ಕೋಟೆಯೂ ಮುರಕಲ್ಲಿನದೇ. ಅದರ ಗೋಡೆಯ ಮೇಲೆ ಮಳೆಗಾಲದಲ್ಲಿ ಹಬ್ಬುವ ಪಾಚಿಯನ್ನು ನೋಡಿದರೆ ಈ ಕಲ್ಲು ಎಷ್ಟು ನೀರು ಕುಡಿಯುತ್ತದೆ ಎಂಬುದು ತಿಳಿಯುತ್ತದೆ.

ಆ ನೀರು ಕುಡಿಯುವ ಗುಣವೇ ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾಕ್ಕೆ ತೊಂದರೆಯಾಗಿದೆ. 1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದ ಈ ಚರ್ಚು ಮುರಕಲ್ಲಿನದು, ಮೇಲೆ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಹಳೆಯ ಕಳೆ ಬರಲೆಂದು ಗಾರೆ ಕಿತ್ತರು. ಕೆಂಪು ಮೈ ಫೋಟೊಗಳಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅಂದಿನಿಂದ ಪ್ರತಿ ಮಳೆಗಾಲದ ಹೊಡೆತ ನೇರವಾಗಿ ಕಲ್ಲಿಗೇ. ಸಂರಕ್ಷಣೆಯ ತಜ್ಞರು ಮತ್ತೆ ಗಾರೆ ಮಾಡಬೇಕೆನ್ನುತ್ತಾರೆ. ಬರಿಗಲ್ಲಿನ ನೋಟಕ್ಕೆ ಒಗ್ಗಿದವರು ಒಪ್ಪುವುದಿಲ್ಲ. ಕಟ್ಟಿದವರಿಗೆ ಕಲ್ಲಿನ ಸ್ವಭಾವ ಗೊತ್ತಿತ್ತು, ಅಂದ ಮಾಡಲು ಹೊರಟವರು ಮರೆತರು.

ಒಬ್ಬನೇ ಕೊರೆದ ಗುಹೆಗಳು

ಮೂಡುಗಲ್ಲಿನಲ್ಲಿ ನೀರು ತಾನಾಗಿ ಮಾಡಿದ ಕೆಲಸವನ್ನು ಕಾಸರಗೋಡು, ದಕ್ಷಿಣ ಕನ್ನಡದ ಕೃಷಿಕರು ಪಿಕಾಸಿ ಹಿಡಿದು ಮಾಡಿದ್ದಾರೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟೇ ಅಗಲಕ್ಕೆ ಕೊರೆದ ಸುರಂಗಗಳಿವು. ಮುರಕಲ್ಲು ಕುಸಿಯದೆ ನಿಲ್ಲುವುದರಿಂದ ಆಧಾರದ ಕಂಬ ಬೇಡ. ಒಳಗೆ ಜಿನುಗಿದ ನೀರು ಇಳಿಜಾರಿನಲ್ಲಿ ತಾನೇ ಹರಿದು ಬರುವುದರಿಂದ ಪಂಪು, ಕರೆಂಟೂ ಬೇಡ. ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಕೂಲಿ ಕೆಲಸದ ನಡುವೆ ಒಬ್ಬರೇ ಸುರಂಗ ಕೊರೆದರು. ಮೊದಲ ಕೆಲವು ಒಣಗಿದ್ದವು. ಆದರೂ ಬಿಡದೆ ನೀರು ಕಂಡು ಬೋಳು ಗುಡ್ಡದಲ್ಲಿ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇದೇ ಬಗೆಯ ನೀರಿನ ವ್ಯವಸ್ಥೆಯಾದ ಇರಾನಿನ ‘ಖನಾತ್’ಗಳನ್ನು ಯುನೆಸ್ಕೊ 2016ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಮ್ಮ ಸುರಂಗಗಳು ಯಾವ ಪ್ರವಾಸಿ ಭೂಪಟದಲ್ಲೂ ಕಾಣುವುದಿಲ್ಲ.

ಇಷ್ಟೆಲ್ಲ ಹೇಳಲು ಕಾರಣವಿದೆ. ಹೆಸರು ಬಂದ ಊರಿಗೆ ಜನ ಬರುತ್ತಾರೆ, ಜನ ಬಂದ ಕಡೆ ಸಿಮೆಂಟು, ಟೈಲ್ಸು, ಬಣ್ಣ ಬರುತ್ತವೆ. ಮೂಡುಗಲ್ಲಿನಂಥ ಜಾಗಕ್ಕೆ ಅವು ಬೇಕಿಲ್ಲ. ಗುಹೆಯ ನೆತ್ತಿಯ ಮೇಲಿನ ಕಾಡು ಕುಡಿದ ಮಳೆಯೇ ಒಳಗೆ ಮೀನು ಸಾಕುವ ನೀರು; ಆ ಗುಡ್ಡದಲ್ಲಿ ಕೋರೆ ತೆರೆದರೂ, ಅಂಗಳಕ್ಕೆ ಕಾಂಕ್ರೀಟ್ ಹಾಸಿದರೂ ಮೊದಲು ಕೆಡುವುದು ಅದೇ. ಅಲ್ಲಿಗೆ ಹೋಗುವವರು ನೀರಿಗೆ ಪ್ಲಾಸ್ಟಿಕ್, ಬಿಸ್ಕಿಟ್ಟು ಹಾಕದೆ ಬರಲಿ. ಆಡಳಿತ ನೋಡಿಕೊಳ್ಳುವವರು ಗುಹೆಯನ್ನೂ ಅದರ ಮೇಲಿನ ಕಾಡನ್ನೂ ಇದ್ದ ಹಾಗೆ ಉಳಿಸಲಿ. ಅದೇ ದೊಡ್ಡ ಜೀರ್ಣೋದ್ಧಾರ.