ಗಾಳ ಬೀಳದ ಮಡು

ರಾಮನಾಥಪುರಕ್ಕೆ ಬಂದವರು ಮೊದಲು ದೇವರಿಗೆ ಕೈ ಮುಗಿಯುತ್ತಾರೋ, ಮೀನಿಗೆ ಪುರಿ ಹಾಕುತ್ತಾರೋ ಹೇಳುವುದು ಕಷ್ಟ. ಅರಕಲಗೂಡಿನಿಂದ ದಕ್ಷಿಣಕ್ಕೆ ಸುಮಾರು 20 ಕಿ.ಮೀ. ದೂರದ ಈ ಊರಿನಲ್ಲಿ ಎರಡಕ್ಕೂ ಹೆಚ್ಚು ನಡೆಯಬೇಕಿಲ್ಲ. ಕಾವೇರಿಯ ದಡದಲ್ಲಿ ರಾಮೇಶ್ವರನ ಗುಡಿ, ಹೊಳೆಯಲ್ಲಿ ವಹ್ನಿ ಪುಷ್ಕರಿಣಿ. ಹೆಸರು ಕೇಳಿ ಕಲ್ಲು ಕಟ್ಟಿದ ಕೊಳ ಹುಡುಕಬೇಡಿ. ಬಂಡೆಗಳ ನಡುವೆ ಹೊಳೆಯೇ ಆಳವಾಗಿ ತಂಗಿದ ಮಡು ಅದು.

ಒಂದು ಹಿಡಿ ಪುರಿ ಎಸೆದು ನೋಡಿ. ಮೊದಲು ಏನೂ ಆಗುವುದಿಲ್ಲ. ಪುರಿ ತೇಲುತ್ತ ಸರಿಯುತ್ತದೆ. ಆಮೇಲೆ ಕೆಳಗೆಲ್ಲೋ ಕಪ್ಪು ಬೆನ್ನೊಂದು ತಿರುಗುತ್ತದೆ, ಅದರ ಹಿಂದೆ ಇನ್ನೊಂದು, ನೋಡನೋಡುತ್ತಿದ್ದಂತೆ ನೀರಿನ ಮೇಲೆಲ್ಲ ಬಾಯಿಗಳೇ. ದಪ್ಪ ತುಟಿ, ಬಾಯಿಯ ಅಂಚಿನಲ್ಲಿ ಎರಡು ಜೊತೆ ಮೀಸೆ, ಎಣಿಸಬಹುದಾದಷ್ಟು ಅಗಲವಾದ ಹುರುಪೆ ಕಂಡರೆ ಅದು ಮಹಶೀರ್ ಜಾತಿಯದು. ಮಕ್ಕಳು ಕಿರುಚುತ್ತಾರೆ, ದೊಡ್ಡವರು ಫೋನು ತೆಗೆಯುತ್ತಾರೆ. ಮೀನುಗಳಿಗೆ ಇದ್ಯಾವುದೂ ಹೊಸದಲ್ಲ. ಇಲ್ಲಿ ಗಾಳ ಹಾಕುವಂತಿಲ್ಲ, ಬಲೆ ಬೀಸುವಂತಿಲ್ಲ ಎನ್ನುವುದು ಅವಕ್ಕೂ ಗೊತ್ತಿರುವ ಹಾಗೆ ದಡಕ್ಕೇ ಬರುತ್ತವೆ.

ಹಾಸನ ಜಿಲ್ಲೆಯಲ್ಲಿ ಕಾವೇರಿ ಹರಿಯುವುದು ಅರಕಲಗೂಡು ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿ. ಕೊಡಗಿನಿಂದ ಇಳಿದು, ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡು, ಕೊಣನೂರು ದಾಟಿ ಇಲ್ಲಿಗೆ ಬರುತ್ತಾಳೆ. ರಾವಣನನ್ನು ಕೊಂದ ಪಾಪ ಕಳೆಯಲು ರಾಮ ಇಲ್ಲಿ ಲಿಂಗ ಸ್ಥಾಪಿಸಿದ ಎಂಬುದು ಸ್ಥಳಪುರಾಣ. ಅಗಸ್ತ್ಯೇಶ್ವರ, ಪಟ್ಟಾಭಿರಾಮ, ಸುಬ್ರಹ್ಮಣ್ಯ ಹೀಗೆ ಗುಡಿಗಳು ಹಲವು. ಚಂಪಾಷಷ್ಠಿಗೆ ಸುಬ್ರಹ್ಮಣ್ಯನ ತೇರು, ಅದರ ಸುತ್ತ ಜಾತ್ರೆ. ಬರೀ ತೀರ್ಥಕ್ಷೇತ್ರವೆಂದುಕೊಂಡರೆ ಊರಿಗೆ ಅನ್ಯಾಯವಾದೀತು. ಹೊಗೆಸೊಪ್ಪು ಬೆಳೆಯುವ ಸೀಮೆ ಇದು, ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇಲ್ಲಿದೆ.

ಆದರೆ ನನ್ನ ಕುತೂಹಲ ಆ ಮಡುವಿನ ಮೇಲೆ. ಹೊಳೆ ಯಾರದು? ನೀರು ನೀರಾವರಿಯವರದು, ಮೀನು ಮೀನುಗಾರಿಕೆ ಇಲಾಖೆಯದು, ದಡ ಕಂದಾಯದವರದು, ಕಸ ಪಂಚಾಯಿತಿಯದು. ಇಷ್ಟು ಜನ ಯಜಮಾನರಿರುವ ಜಾಗ ಸಾಮಾನ್ಯವಾಗಿ ಯಾರಿಗೂ ಬೇಡದ ಜಾಗವಾಗುತ್ತದೆ. ಇಲ್ಲಿ ಹಾಗಾಗಿಲ್ಲ. ಇದು ಸರ್ಕಾರ ಗುರುತಿಸಿದ ಮತ್ಸ್ಯಧಾಮವೂ ಹೌದು, ಆದರೆ ಬೋರ್ಡು ನೋಡಿ ಗಾಳ ಮಡಚಿಕೊಂಡು ಹೋದವರಿಗಿಂತ ದೇವರ ಮೀನು ಎಂದು ಕೈ ಹಿಂದಕ್ಕೆಳೆದುಕೊಂಡವರೇ ಹೆಚ್ಚು. ಶೃಂಗೇರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ನಡೆದುಬಂದದ್ದೂ ಇದೇ ರೀತಿ. ಭಕ್ತಿಯೊಂದೇ ಸಾಲದು ಎಂದು ತೋರಿಸಿದ್ದು ಕೂಡ ಶಿಶಿಲವೇ. 1996ರಲ್ಲಿ ಯಾರೋ ಅಲ್ಲಿಯ ಹೊಳೆಗೆ ವಿಷ ಹಾಕಿ ಸಾವಿರಾರು ಮೀನು ಸತ್ತವು.

ಹಾಗಾದರೆ ಕಾವಲು ಯಾರು? ಇದೇ ಕಾವೇರಿಯ ಮೇಲೂ ಕೆಳಗೂ ಅದಕ್ಕೆ ಇನ್ನೊಂದು ಉತ್ತರ ಸಿಗುತ್ತದೆ, ಸ್ವಲ್ಪ ವಿಚಿತ್ರವಾದ ಉತ್ತರ: ಗಾಳ ಹಾಕುವವರು. ಮೇಲೆ ಕೊಡಗಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಮೀನುಗಾರಿಕೆ ಇಲಾಖೆಯಿಂದ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆಯಿತು. ಕೆಳಗೆ, ಶಿವನಸಮುದ್ರದಿಂದಾಚೆಯ ಕಾಡಿನಲ್ಲಿ, 1972ರಲ್ಲಿ ಹುಟ್ಟಿದ ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ ಇದೇ ದಾರಿ ಹಿಡಿಯಿತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ವಾಪಸ್ ನೀರಿಗೆ ಬಿಡುವ ಹವ್ಯಾಸಿಗಳು ಇವರು. ತಮ್ಮ ಆಟ ಉಳಿಯಬೇಕಾದರೆ ಮೀನು ಉಳಿಯಬೇಕು. ಹೀಗಾಗಿ ಸಿಡಿಮದ್ದು ಎಸೆಯುವವರನ್ನು ತಡೆಯಲು ಕಾವಲುಗಾರರನ್ನು ಇಟ್ಟರು. ಇಲಾಖೆಯ ಒಬ್ಬಿಬ್ಬರು ಸಿಬ್ಬಂದಿ ಮೈಲಿಗಟ್ಟಲೆ ಹೊಳೆ ಕಾಯಲಾಗದ ಕಡೆ ದಿನವೂ ದಡದಲ್ಲಿ ಓಡಾಡುವವರು ಕಣ್ಣಿಟ್ಟರು.

ಬಳಸುವವರೇ ಕಾಯುವ ಇಂಥ ಒಪ್ಪಂದ ಹೊರದೇಶದಲ್ಲಿ ಕಾಡುದಾರಿಗಳ ವಿಷಯದಲ್ಲೂ ನಡೆದಿದೆ. ಕ್ಯಾಲಿಫೋರ್ನಿಯಾದಲ್ಲಿ ಗುಡ್ಡದ ಕಾಲುದಾರಿಗಳಿಗೆ ಸೈಕಲ್ ಬರಕೂಡದು ಎಂದು ಅಧಿಕಾರಿಗಳು ಬೇಲಿ ಹಾಕತೊಡಗಿದಾಗ, ಅಲ್ಲಿಯ ಮೌಂಟನ್ ಬೈಕ್ ಸಂಘಗಳು 1988ರಲ್ಲಿ ಸೇರಿ ಒಂದು ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿಕೊಂಡವು. ಅವರು ಬರೀ ಅರ್ಜಿ ಹಿಡಿದು ನಿಲ್ಲಲಿಲ್ಲ, ಗುದ್ದಲಿಯನ್ನೂ ಹಿಡಿದರು. ಕೊರಕಲು ಬಿದ್ದ ದಾರಿ ತುಂಬಿದರು, ನೀರು ಹರಿದುಹೋಗಲು ಇಳಿಜಾರು ತಿದ್ದಿದರು, ನಡೆಯುವವರಿಗೆ ದಾರಿ ಬಿಡಬೇಕೆಂಬ ನಿಯಮ ಬರೆದುಕೊಂಡರು. ಅರಣ್ಯದವರ ಜೊತೆ ಲಿಖಿತ ಒಪ್ಪಂದಗಳಾದವು.

ನಮ್ಮಲ್ಲಿ ಬೆಂಗಳೂರಿನ ತುರಹಳ್ಳಿ ಕಾಡಿನ ಮಣ್ಣುದಾರಿಯಲ್ಲಿ ಸೈಕಲ್ ಹೊಡೆಯುವವರು ಎಷ್ಟೋ ವರ್ಷದಿಂದ ಇದ್ದಾರೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಪ್ರಸ್ತಾಪ ಬಂದಾಗ ಸುತ್ತಲಿನವರು ಬೀದಿಗಿಳಿದರು, ಅರಣ್ಯ ಇಲಾಖೆ ಹಿಂದೆ ಸರಿಯಬೇಕಾಯಿತು. ಬೇಡ ಎನ್ನುವುದಕ್ಕೆ ನಾವು ಬೇಗ ಒಂದಾಗುತ್ತೇವೆ. ನಾಳೆಯಿಂದ ಇದನ್ನು ಇಬ್ಬರೂ ಸೇರಿ ನೋಡಿಕೊಳ್ಳೋಣ ಎಂಬ ಕಾಗದಕ್ಕೆ ಸಹಿ ಬೀಳುವುದು ಮಾತ್ರ ಅಪರೂಪ. ನಮ್ಮ ಹಾಸನ ಜಿಲ್ಲೆಯ ಸಕಲೇಶಪುರದ ಗುಡ್ಡಗಳಿಗೆ ಶನಿವಾರ, ಭಾನುವಾರ ಏರುವ ಜನರನ್ನು ನೋಡಿದಾಗಲೂ ನನಗೆ ಹೀಗೇ ಅನ್ನಿಸುತ್ತದೆ. ಚಾರಣಿಗರ ಸಂಖ್ಯೆಗೆ ಮಿತಿ ಹಾಕುವುದು ಬೇಕು, ಆನ್‌ಲೈನ್ ಬುಕಿಂಗ್ ಕೂಡ ಸರಿ, ಆದರೆ ಟಿಕೆಟ್ ಕೊಂಡವನು ಗಿರಾಕಿಯಾಗುತ್ತಾನೆಯೇ ಹೊರತು ಪಾಲುದಾರನಾಗುವುದಿಲ್ಲ.

ಪಾಲುದಾರಿಕೆಯೆಂದರೆ ಎಲ್ಲವೂ ಚೆಂದ ಎಂದೇನೂ ಅಲ್ಲ. ಕೆಳಕಾವೇರಿಯ ಕಥೆಯಲ್ಲಿ ಒಂದು ಕಹಿ ಇದೆ. ಮೀನು ಕಡಿಮೆಯಾಗುತ್ತಿದೆಯೆಂದು ಮಹಾರಾಷ್ಟ್ರದ ಲೋನಾವಳದ ಟಾಟಾ ಮರಿಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು 1970ರ ದಶಕದಿಂದ ಹೊಳೆಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಅವು ಹೆಚ್ಚಿದವು, ಕಾವೇರಿ ಕಣಿವೆಗೇ ಸೀಮಿತವಾದ ಗೂನುಬೆನ್ನಿನ ಮಹಶೀರ್ ಕ್ಷೀಣಿಸಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ 120 ಪೌಂಡಿನ ದೈತ್ಯ ಆ ಜಾತಿಯದು. 2018ರಲ್ಲಿ ಅದು ಅಳಿವಿನ ಕೊನೆಯ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಈ ಇಳಿಮುಖ ಬೆಳಕಿಗೆ ಬಂದದ್ದು ಹೇಗೆ ಎಂಬುದು ಇನ್ನೂ ಸ್ವಾರಸ್ಯ: ಅದೇ ಕೆಳಕಾವೇರಿಯ ದಡದ ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕದಿಂದ. ಹೊಸ ಮೀನು ತಂದವರ ಬಳಗದ ಲೆಕ್ಕವೇ ಹಳೆಯ ಮೀನಿನ ಸಾಕ್ಷಿಯಾಯಿತು. ಅಭಯಾರಣ್ಯದೊಳಗೆ ಗಾಳವೂ ಬೇಟೆಯೇ ಎಂಬ ಕಾನೂನಿನಡಿ 2012ರಲ್ಲಿ ಆಟ ನಿಂತಿತು, ಅದರ ಜೊತೆ ಆ ಲೆಕ್ಕವೂ ನಿಂತಿತು.

ರಾಮನಾಥಪುರಕ್ಕೆ ಇಂಥ ಲೆಕ್ಕ ಬರೆಯುವವರು ಬೇಕು ಎಂಬುದು ನನ್ನ ಮಾತು. ಗಾಳ ಬೇಡ, ಪುಸ್ತಕ ಸಾಕು. ಇಲ್ಲಿಯ ಮೀನಿಗೆ ಈಗ ಬಲೆಯಿಂದ ಬರುವ ಭಯಕ್ಕಿಂತ ಮೇಲಿನಿಂದ ಬರುವ ನೀರಿನ ಭಯ ದೊಡ್ಡದು. ಕೊಡಗಿನಲ್ಲಿ ಕಾಫಿ ಕೊಯ್ಲಾಗಿ ಪಲ್ಪಿಂಗ್ ನಡೆಯುವ ಚಳಿಗಾಲದಲ್ಲಿ ಹೊಳೆಯ ನೀರೂ ಇಳಿದಿರುತ್ತದೆ. ಹಣ್ಣಿನ ಸಿಪ್ಪೆ, ಲೋಳೆ ತೊಳೆದ ನೀರು ಶುದ್ಧಿಯಾಗದೆ ಹೊಳೆ ಸೇರಿದರೆ ಕೊಳೆಯುತ್ತ ನೀರಿನೊಳಗಿನ ಆಮ್ಲಜನಕವನ್ನು ಹೀರುತ್ತದೆ. ಮಡುವಿನಲ್ಲಿ ಒತ್ತಾಗಿರುವ ದೊಡ್ಡ ಮೀನಿಗೆ ಮೊದಲು ಉಸಿರು ಕಟ್ಟುತ್ತದೆ. ದಡದ ಊರುಗಳ ಚರಂಡಿ ನೀರು ಮಾಡುವುದೂ ಇದನ್ನೇ. ಇದನ್ನು ಮೊದಲು ಕಾಣುವವರು ಜಿಲ್ಲಾ ಕೇಂದ್ರದ ಅಧಿಕಾರಿಗಳಲ್ಲ. ಬೆಳಿಗ್ಗೆ ಸ್ನಾನಕ್ಕಿಳಿಯುವವರು, ಅಭಿಷೇಕಕ್ಕೆ ನೀರು ತರುವ ಅರ್ಚಕರು, ಮೆಟ್ಟಿಲ ಬಳಿ ಪುರಿ ಮಾರುವ ಹೆಂಗಸರು. ನೀರಿನ ಬಣ್ಣ ಬದಲಾದ ದಿನ, ಮೀನು ಮೇಲೆ ಬಂದು ಬಾಯಿ ಬಿಟ್ಟ ದಿನ ಬರೆದಿಟ್ಟು ಮೀನುಗಾರಿಕೆ ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸುವ ಒಂದು ಸಮಿತಿ, ಅದಕ್ಕೆ ಇಲಾಖೆಯ ಒಂದು ಮಾನ್ಯತೆ ಪತ್ರ ಇದ್ದರೆ ಆಯಿತು. ಅಧಿಕಾರಿ ವರ್ಗವಾದರೂ ಪತ್ರ ಫೈಲಿನಲ್ಲಿರುತ್ತದೆ.

ಪುರಿಯ ಮಾತೂ ಬರಲಿ. ಪುರಿ ನೀರಿಗೆ, ಪ್ಲಾಸ್ಟಿಕ್ ಕವರು ಅದರ ಹಿಂದೆಯೇ ಎಂಬ ಅಭ್ಯಾಸ ನಮ್ಮ ತೀರ್ಥಸ್ಥಳಗಳಿಗೆಲ್ಲ ಅಂಟಿದೆ. ಕಾಗದದ ಪೊಟ್ಟಣದಲ್ಲೇ ಮಾರಬೇಕೆಂದು ಪಂಚಾಯಿತಿ ಹೇಳಿ, ಮಾರುವವರನ್ನೇ ಆ ಸಮಿತಿಗೆ ಸೇರಿಸಿಕೊಂಡರೆ ಬೋರ್ಡು ಬೇಕಾಗುವುದಿಲ್ಲ.

ಹೋಗುವವರಿಗೆ ಒಂದೆರಡು ಮಾತು. ಹಾಸನದಿಂದ ಅರಕಲಗೂಡು ಮಾರ್ಗವಾಗಿ ಬಸ್ಸಿದೆ. ಮೀನು ಚೆನ್ನಾಗಿ ಕಾಣುವುದು ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ. ಜುಲೈ, ಆಗಸ್ಟಿನಲ್ಲಿ ಹಾರಂಗಿ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಊರೊಳಕ್ಕೇ ಬರುವುದುಂಟು. 2018 ಮತ್ತು 2019ರಲ್ಲಿ ದಡದ ಮನೆಗಳಿಗೆ ನುಗ್ಗಿತ್ತು. ಆಗ ಮೆಟ್ಟಿಲು ಇಳಿಯುವ ಸಾಹಸ ಬೇಡ. ಚಂಪಾಷಷ್ಠಿಯ ಹೊತ್ತಿಗೆ ಹೋದರೆ ತೇರು, ಜಾತ್ರೆ, ಮೀನು ಮೂರೂ ಸಿಗುತ್ತವೆ, ಜೊತೆಗೆ ವಿಪರೀತ ಜನ.